ಮಂಜೂರಿನ ನರ್ಸಬಾಯಿ

ಮೊನ್ನೆ ಬಸುರಿ ನಾದಿನಿಯನ್ನು ಹುನಗುಂದದ ದವಾಖಾನೆಗೆ ತೋರಿಸಿಕೊಂಡು, ಊರ ಬಸ್ಸಿಗೆ ಕಾಯುತ್ತ ಮಂಡಕ್ಕಿ ಗಿರ್ಮಿಟ್ ತಿನ್ನುತ್ತಿದ್ದೆ. ಮಿರ್ಚಿ ಕಚ್ಚಿಕೊಂಡು ಕೈಯಲ್ಲಿದ್ದ ಕಾಗದದ ಮೇಲೆ ಕಣ್ಣು ಹಾಯಿಸಿದೆ ನೋಡಿ, ಅಲ್ಲಿಗೆ ನನ್ನ ಮರ್ಯಾದೆ ಮುಗಿಯಿತು. ಹಳೇ ಪತ್ರಿಕೆಯ ತುಂಡು. ಎಣ್ಣೆ ಹೀರಿದ ಆ ತುಂಡಿನಲ್ಲಿ ದಪ್ಪಕ್ಷರದ ಮೂರೇ ಪದ ಉಳಿದಿದ್ದವು: ‘ನರ್ಸ್ ಹುದ್ದೆ ಮಂಜೂರು’. ನಗು ಒತ್ತರಿಸಿ ಬಂತು, ಮೆಣಸಿನಕಾಯಿ ನೆತ್ತಿಗೇರಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನನ್ನ ಬೆನ್ನು ಗುದ್ದುತ್ತ, “ಏನಾತ ಯವ್ವಾ? ಪೇಪರಿನಾಗ ಯಾರರ ಸತ್ತಾರೇನು?” ಎಂದರು.

“ಇಲ್ಲರಿ, ನಮ್ಮತ್ತಿ ನೆನಪಾದ್ರು.”

ಅಜ್ಜಿ ಲೊಚಗುಟ್ಟಿ ಇನ್ನೂ ಮೃದುವಾಗಿ ಬೆನ್ನು ಸವರಿದರು. ನಮ್ಮತ್ತೆ ಮನೆಯಲ್ಲಿ ಗುಂಡುಕಲ್ಲಿನಂತೆ ಕೂತಿದ್ದಾರೆ ಎಂದು ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಅತ್ತೆಯ ಹೆಸರು ಸಂಗವ್ವ. ಇಳಕಲ್ಲು ಮತ್ತು ಹುನಗುಂದದ ನಡುವಿನ ನಮ್ಮೂರಿನಲ್ಲಿ ಈಗಲೂ ಮನೆಯೊಳಗೆ ಮಗ್ಗ ಇಟ್ಟುಕೊಂಡ ಕೆಲವೇ ಜನರಲ್ಲಿ ಒಬ್ಬರು. ಅವರ ಮಟ್ಟಿಗೆ ಮನುಷ್ಯರಿಗೆ ಹೆಸರು ಆಮೇಲೆ, ಊರು ಮೊದಲು. ಮನೆಗೆ ಯಾರೇ ಬರಲಿ, ನೀರು ಕೊಡುವ ಮೊದಲೇ “ಯಾವೂರಾತು ನಿಮ್ದು?” ಎನ್ನುತ್ತಾರೆ. ನನ್ನನ್ನು ನೋಡಲು ಬಂದಾಗಲೂ ಅಷ್ಟೇ. ನನ್ನ ಬಿ.ಎ. ಓದಿನ ಸುದ್ದಿ ಯಾರಿಗೂ ಬೇಕಾಗಲಿಲ್ಲ. “ಬಾದಾಮಿಯಾಕಿ? ಹಂಗಾರ ಮಂಗ್ಯಾಗ ಅಂಜೂದಿಲ್ಲ, ಚಲೋ ಆತು” ಎಂದರು. ಮದುವೆ ಗಟ್ಟಿಯಾಯಿತು. ಇವರ ಊರಲ್ಲಿ ಮಂಗಗಳೇ ಇಲ್ಲ ಎನ್ನುವುದು ಬಂದ ಮೇಲೆ ತಿಳಿಯಿತು. ಆ ಅರ್ಹತೆ ಇವತ್ತಿನವರೆಗೂ ಉಪಯೋಗಕ್ಕೆ ಬಂದಿಲ್ಲ.

ನಾನು ಬಸುರಿಯಾದ ವರ್ಷ ಊರಿಗೆ ಸರ್ಕಾರದ ಆರೋಗ್ಯ ಉಪಕೇಂದ್ರ ಬಂದಿತ್ತು. ಬಂದಿತ್ತು ಎಂದರೆ ಕಟ್ಟಡ ಬಂದಿತ್ತು. ಗೋಡೆಗೆ ಹಣ ಬಂತು, ಗುಲಾಬಿ ಬಣ್ಣಕ್ಕೆ ಬಂತು, ಮಂಚ ಬಂತು, ಕೂಸುಗಳನ್ನು ತೂಗುವ ತಕ್ಕಡಿ ಬಂತು. ಗೋಡೆಯ ಮೇಲೆ ಒಬ್ಬ ತಾಯಿ ಕೂಸನ್ನು ಎತ್ತಿಕೊಂಡು ನಗುವ ಚಿತ್ರವೂ ಬಂತು. ನರ್ಸ್ ಮಾತ್ರ ಬರಲಿಲ್ಲ. ಬಾಗಿಲಿಗೆ ಬೀಗ, ಜಗಲಿಯ ಮೇಲೆ ಪಕ್ಕದ ಮನೆಯ ಹಸೀನಾಳ ಆಡು. ಹೇಳಿದರೆ ನೀವು ನಂಬುವುದಿಲ್ಲ, ಆ ಕೇಂದ್ರದಲ್ಲಿ ಆದ ಮೊದಲ ಹೆರಿಗೆ ಆ ಆಡಿನದೇ. ಅವಳಿ ಮರಿಗಳು. ಅತ್ತೆ ಅವಕ್ಕೆ ದೃಷ್ಟಿ ತೆಗೆದು ಬಂದರು.

ಹಸೀನಾಳೂ ಆಗ ಬಸುರಿ. ಅವಳ ಮೊದಲ ಬಸಿರು ಹುನಗುಂದಕ್ಕೆ ಹೋಗುವ ಟಂಟಂ ಆಟೊದ ಕುಲುಕಾಟದಲ್ಲೇ ಇಳಿದುಹೋಗಿತ್ತು. ನಾವಿಬ್ಬರೂ ಹಗಲೆಲ್ಲ ಆಡಿನ ಬಾಣಂತನದ ಬಗ್ಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಕ್ಕು ಮುಗಿದ ಮೇಲೆ ಅವಳು ನನ್ನ ಬಾತ ಕಾಲನ್ನು ಒತ್ತಿ ನೋಡುತ್ತಿದ್ದಳು, ನಾನು ಅವಳದನ್ನು. ಬಿ.ಪಿ. ನೋಡುವವರು ಊರಲ್ಲಿ ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಮಗಿಬ್ಬರಿಗೂ ಬಹಳ ಹೆದರಿಕೆಯಿತ್ತು.

ಹೀಗಿರುವಾಗ ಒಂದು ದಿನ ಆಶಾ ಕಾರ್ಯಕರ್ತೆ ಕಸ್ತೂರಿ ಏದುಸಿರು ಬಿಡುತ್ತ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಅತ್ತೆಯ ಮಗ್ಗ ಖಟಖಟ ಅನ್ನುತ್ತಿತ್ತು. ಆ ಸಪ್ಪಳಕ್ಕೆ ಅವರ ಕಿವಿ ಮೊದಲೇ ಮಂದ.

“ಯವ್ವಾ, ನರ್ಸಬಾಯಿ ಬರ್ತಾಳಂತ!” ಎಂದು ಕಸ್ತೂರಿ ಕೂಗಿದಳು.

ಅತ್ತೆ ಲಾಳಿ ನಿಲ್ಲಿಸದೆ, “ಯಾವೂರಾಕಿ?” ಎಂದರು.

“ಮಂಜೂರ ಆಗೇತ್ರಿ!”

“ಆಂ? ಯಾವೂರು?”

“ಮಂಜೂರ! ಮಂಜೂರ್ರೀ!”

ಅತ್ತೆಗೆ ಸಮಾಧಾನವಾಯಿತು. ಶಿರೂರಿನಂತೆ ಇದೂ ಒಂದು ಊರು. ಸಂಜೆಯೊಳಗೆ ಮಂಜೂರಿನ ನರ್ಸಬಾಯಿಯ ಸುದ್ದಿ ಓಣಿ ತುಂಬ ಹಬ್ಬಿತು. ನಾನು ಬಿ.ಎ. ಮಾಡಿದವಳಲ್ಲವೇ, ತಿದ್ದಲು ಹೋದೆ. “ಅತ್ತಿ, ಅದು ಊರಲ್ಲರಿ. ಸರ್ಕಾರದಾವ್ರು ಆತು ಅಂತ ಒಪ್ಪಿಗಿ ಕೊಟ್ಟಾರ, ಅಷ್ಟ.”

“ಬಾದಾಮಿ ಬಿಟ್ಟು ನೀ ಯಾವ ಊರು ನೋಡಿದಿ?” ಎಂದು ಅತ್ತೆ ನನ್ನ ಬಾಯಿ ಮುಚ್ಚಿಸಿದರು.

ವಾರಗಳು ಕಳೆದವು, ನರ್ಸ್ ಬರಲಿಲ್ಲ. ಓಣಿಯವರು ಕಾರಣ ಹುಡುಕತೊಡಗಿದರು. ಮಂಜೂರು ಕೂಡಲಸಂಗಮದ ಆಚೆ, ಹೊಳೆ ದಾಟಬೇಕು ಎಂದರು ಕೆಲವರು. ಅಲ್ಲಿ ತಮ್ಮ ದೂರದ ಬೀಗರಿದ್ದಾರೆ ಎಂದು ಒಬ್ಬ ಹಿರಿಯರು ಆಣೆ ಮಾಡಿದರು. ಹಸೀನಾ ಅರ್ಥ ಗೊತ್ತಿದ್ದೂ ಬೇಕಂತಲೇ, “ಮಂಜೂರಿನ ರಸ್ತಾ ಭಾಳ ಖರಾಬ್ ಐತ್ರಿ ಯವ್ವಾ” ಎಂದು ಉಪ್ಪುಖಾರ ಹಚ್ಚಿದಳು. ಅತ್ತೆ ಕೊನೆಗೆ ತೀರ್ಪು ಕೊಟ್ಟರು: “ಪಾಪ, ಆಕಿಗೆ ಬಸ್ಸಿಲ್ಲ.”

ಅದೇ ಹೊತ್ತಿಗೆ ಹುನಗುಂದದಲ್ಲಿ ಜನರ ಅಹವಾಲು ಕೇಳುವ ಸಭೆ ಸೇರಿತು. ಅತ್ತೆ ಹೊಸ ಇಳಕಲ್ ಸೀರೆ ಉಟ್ಟು, ಖಣದ ಕುಪ್ಪಸಕ್ಕೆ ಇಸ್ತ್ರಿ ಮಾಡಿಸಿ, ಬಸುರಿಯರಿಬ್ಬರನ್ನೂ ಸಾಕ್ಷಿಗೆ ಎಳೆದುಕೊಂಡು ಹೊರಟರು. ಸರದಿ ಬಂದಾಗ ಎದ್ದು ನಿಂತು ಕೈಮುಗಿದರು.

“ಸಾಹೇಬ್ರ, ಮಂಜೂರಿಗೆ ಒಂದು ಬಸ್ ಬಿಡ್ರಿ.”

ವೇದಿಕೆಯ ಮೇಲಿದ್ದ ಸಾಹೇಬರು ಗಂಭೀರವಾಗಿ ತಲೆಯಾಡಿಸಿ ಪಕ್ಕದವರತ್ತ ಬಾಗಿದರು. ಪಕ್ಕದವರು ಅವರ ಪಕ್ಕದವರತ್ತ ಬಾಗಿದರು. ಸಾಲು ಪೂರ್ತಿ ಬಾಗಿತು. ಬಸ್ಸಿನ ಇಲಾಖೆಯವರೊಬ್ಬರು ಮೊಬೈಲಿನ ನಕಾಶೆಯಲ್ಲಿ ಹುಡುಕತೊಡಗಿದರು. ಮತ್ತೊಬ್ಬರು, “ಆ ಮಾರ್ಗ ಲಾಸ್ ಆಗಿ ಬಂದ್ ಮಾಡೇವ್ರಿ ಸರ್” ಎಂದೇ ಬಿಟ್ಟರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನನ್ನ ಹೊಟ್ಟೆಯೊಳಗಿನ ಕೂಸೂ ನಾಚಿಕೊಂಡು ಒದ್ದಂತಾಯಿತು.

“ಮಂಜೂರಿನಾಗ ಏನೈತಿ ಯವ್ವಾ?” ಎಂದರು ಸಾಹೇಬರು.

“ನಮ್ಮ ನರ್ಸಬಾಯಿ ಅದಾಳ್ರಿ. ಮಂಜೂರಿನಾಕಿ. ಯಾವಾಗ ಕೇಳಿದ್ರೂ ಮಂಜೂರ ಅಂತಾರ, ಬರೂದ ಇಲ್ಲ. ಈ ಹುಡುಗ್ಯಾರು ಹಡಿಯೂದ್ರಾಗ ಆಕೀನ್ನ ಕರಸ್ರಿ.”

ಹಿಂದಿನ ಸಾಲಿನಲ್ಲಿ ಯಾರೋ ಅರ್ಥ ಹೊಳೆದು ಕಿಸಕ್ಕೆಂದರು. ಆಮೇಲೆ ನಗುವಿನ ಅಬ್ಬರಕ್ಕೆ ಮೈಕು ಕುಂಯ್ ಎಂದಿತು. ಲಾಸ್ ಆದ ಮಾರ್ಗದವರು ಬೂಟಿನ ದಾರ ಕಟ್ಟಿಕೊಳ್ಳುವ ನೆಪದಲ್ಲಿ ಮೇಜಿನ ಕೆಳಗೆ ಇಳಿದರು. ಸಾಹೇಬರೂ ನಗಲು ಬಾಯಿ ತೆರೆದವರು, ನಮ್ಮಿಬ್ಬರ ಹೊಟ್ಟೆ ನೋಡಿ ಮುಚ್ಚಿಕೊಂಡರು. ಇಡೀ ಸಭೆಯಲ್ಲಿ ನಗದೆ ನಿಂತಿದ್ದವರು ಅತ್ತೆ ಒಬ್ಬರೇ.

ಎಂಟು ದಿನದಲ್ಲಿ ನರ್ಸಬಾಯಿ ಬಂದಳು! ಹೆಸರು ಸುನಂದಾ. ಬೀಗ ತೆಗೆದು, ಆಡಿನ ಹಿಕ್ಕೆ ಗುಡಿಸಿ, ಮೊದಲು ನನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿದಳು. ಆ ಪಟ್ಟಿ ಬಿಗಿಯುತ್ತಿದ್ದ ಹಾಗೆ ನನಗೆ ಅಳು ಬಂದುಬಿಟ್ಟಿತು. ಹಸೀನಾ ನನ್ನನ್ನು ನೋಡಿ ನಗಲು ಹೋಗಿ ತಾನೂ ಅತ್ತಳು. ನಮ್ಮಿಬ್ಬರ ಹೆಣ್ಣುಮಕ್ಕಳೂ ಸುಖವಾಗಿ ಹುಟ್ಟಿ, ಅದೇ ತಕ್ಕಡಿಯಲ್ಲಿ ತೂಗಿಸಿಕೊಂಡು, ಚುಚ್ಚಿಸಿಕೊಂಡು, ಊರು ಹಾರಿಹೋಗುವಂತೆ ಕಿರುಚಿದವು.

ಆದರೆ ಮೊದಲ ದಿನದ ಮಾತು ಕೇಳಿ. ಅತ್ತೆ ಬಿಸಿ ರೊಟ್ಟಿ ಕಟ್ಟಿಕೊಂಡು ಹೋಗಿ, “ಮಂಜೂರಿಂದ ಬರಾಕ ಭಾಳ ತ್ರಾಸ ಆತೇನವ್ವಾ?” ಎಂದರು.

“ನಮ್ಮೂರು ಶಿರೂರ್ರಿ” ಎಂದಳು ಸುನಂದಾ.

ಅತ್ತೆಯ ಮುಖ ಸಣ್ಣದಾಯಿತು. ರೊಟ್ಟಿಯ ಗಂಟನ್ನು ಅವಳ ಕೈಗಿಟ್ಟು ಹೇಳಿದರು: “ಇರಲಿ, ನೀನೂ ಇರು. ಮಂಜೂರಿನಾಕಿ ಬಂದ ಮ್ಯಾಲೆ ಇಬ್ರೂ ಕೂಡಿ ಮಾಡ್ರಿ.”

ನಾವು ಬಿದ್ದು ಬಿದ್ದು ನಕ್ಕೆವು. ನಮ್ಮ ಮಕ್ಕಳು ಶಾಲೆ ಸೇರಿದ ಮೇಲೂ ನಗುತ್ತಿದ್ದೆವು. ಆಮೇಲೆ ಸುನಂದಾಳಿಗೆ ಪಕ್ಕದ ಊರನ್ನೂ ವಹಿಸಿದರು, ಆಚೆಯದನ್ನೂ ವಹಿಸಿದರು. ಈಗ ಅವಳು ಸ್ಕೂಟಿಯ ಮೇಲೆ ಯಾವ ಊರಲ್ಲಿರುತ್ತಾಳೋ ಅವಳಿಗೇ ಗೊತ್ತಿರುವುದಿಲ್ಲ. ಅದಕ್ಕೇ ಮೊನ್ನೆ ಬಾತ ಕಾಲಿನ ನಾದಿನಿಯನ್ನು ಕುಲುಕಿಸಿಕೊಂಡು ನಾನು ಹುನಗುಂದಕ್ಕೆ ಹೋದದ್ದು.

ಮನೆಗೆ ಬಂದು ಆ ಎಣ್ಣೆಯ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಅವರ ಕಣ್ಣು ಅರಳಿತು. “ಹಾಂ! ಕಡೀಕೂ ಹೊಂಟಳು ನೋಡು. ಎಲ್ಲಿ ತನಕಾ ಬಂದಾಳಂತ?”

ಮೊದಲಾಗಿದ್ದರೆ ತಿದ್ದುತ್ತಿದ್ದೆ.

“ದಾರ್ಯಾಗ ಅದಾಳಂತ್ರಿ ಅತ್ತಿ” ಎಂದೆ.

“ಹಂಗಾರ ಒಂದ ರೊಟ್ಟಿ ಹೆಚ್ಚಿಗಿ ಬಡಿ.”

ಬಡಿದೆ. ಹುನಗುಂದದಲ್ಲಿ ಮತ್ತೆ ಅಹವಾಲಿನ ಸಭೆ ಇದೆಯಂತೆ. ಅತ್ತೆಗೆ ಈಗ ಮೊಣಕಾಲು ನೋವು, ಬಹಳ ಹೊತ್ತು ನಿಲ್ಲಲಾರರು. ಈ ಸಲ ನಾನೇ ಎದ್ದು ನಿಲ್ಲುತ್ತೇನೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು. ರೊಟ್ಟಿ ಬಡಿಯುತ್ತಲೇ ಒಮ್ಮೆ ಹೇಳಿ ನೋಡಿದೆ. ಅಡುಗೆಮನೆಯಲ್ಲಿ ಎಷ್ಟು ಜೋರಾಗಿ ಕೇಳಿಸಿತೆಂದರೆ ಆಚೆ ಮನೆಯಿಂದ ಹಸೀನಾ ನಕ್ಕಳು. ನಾನು ಹೇಳಿದ್ದು ಇಷ್ಟೇ: “ಸಾಹೇಬ್ರ, ಮಂಜೂರಿಗೆ ಒಂದು ಬಸ್ ಬಿಡ್ರಿ!”