ಅಧ್ಯಕ್ಷರ ಹೆಸರು ತೆಗೆಯಲಾರದೆ

ಹರಿಹರದಿಂದ ದಾವಣಗೆರೆ ಆಸ್ಪತ್ರೆಗೆ ಡಯಾಲಿಸಿಸ್ ರೋಗಿಗಳನ್ನು ಕರೆದುಕೊಂಡು ಹೋಗಿ ಬರುವ ವ್ಯಾನಿಗೆ ನಾನು ಡ್ರೈವರ್. ವ್ಯಾನು ಒಂದು ಸಣ್ಣ ಸಂಘದ್ದು. ರೋಗಿಗಳು ಏನೂ ಕೊಡಬೇಕಾಗಿಲ್ಲ. ಸಂಘದ ಅಧ್ಯಕ್ಷರು ಮಂಡಿಪೇಟೆಯ ಹಳೆಯ ವ್ಯಾಪಾರಸ್ಥರು, ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಕಾರ್ಯದರ್ಶಿ ರಿಟೈರಾದ ಮೇಷ್ಟ್ರು. ಸಂಘದ ಬ್ಯಾಂಕ್ ಖಾತೆಯಿಂದ ದುಡ್ಡು ತೆಗೆಯಬೇಕೆಂದರೆ ಚೆಕ್ಕಿಗೆ ಇಬ್ಬರೂ ಸಹಿ ಹಾಕಬೇಕು. ಒಬ್ಬರದು ಇಲ್ಲದಿದ್ದರೂ ಡೀಸೆಲ್ ಇಲ್ಲ.

ನನ್ನ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವಳು ದೊಡ್ಡವ್ವ. ಸಂಬಂಧಿಯಲ್ಲ, ನಾನು ಹಾಗೆ ಕರೆಯುತ್ತಿದ್ದೆ. ಹರಿಹರದಲ್ಲಿ ರವಿಕೆ ಹೊಲಿಯುತ್ತಿದ್ದ ಹೆಂಗಸು. ಕಿಡ್ನಿ ಕೆಟ್ಟ ಮೇಲೆ ಮಷಿನ್ ತುಳಿಯುವುದು ನಿಂತಿತ್ತು. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಅವಳ ಬಾಯಿ ನಿಲ್ಲುತ್ತಿರಲಿಲ್ಲ. ನಾನು ವ್ಯಾನನ್ನು ಗುಂಡಿಗೆ ಇಳಿಸಿದರೆ, "ನಿಂಗ್ಯಾರು ಹೆಣ್ಣು ಕೊಡ್ತಾರಲೇ, ರಸ್ತೇನೇ ಕಾಣಂಗಿಲ್ಲ ನಿಂಗೆ" ಎನ್ನುತ್ತಿದ್ದಳು. ಬರುವಾಗ ಮಾತಿಲ್ಲ. ಬ್ಯಾಂಡೇಜ್ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟು ಕಣ್ಣು ಮುಚ್ಚಿರುತ್ತಿದ್ದಳು. ಹೊಸ್ತಿಲ ತನಕ ನಾನೇ ಹಿಡಿದು ಬಿಡಬೇಕಿತ್ತು.

ಯುಗಾದಿ ಕಳೆದ ಮೇಲೆ ಯಜಮಾನರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಾಯಿತು. ಮೇಷ್ಟ್ರು ನನ್ನನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದರು. ಮ್ಯಾನೇಜರ್ ಮೇಡಂ ಕೂರಿಸಿ ಹೇಳಿದರು. ಸ್ವಂತ ಖಾತೆಯಾಗಿದ್ದರೆ ಹೆಬ್ಬೆಟ್ಟು ಒತ್ತಿಸಿಕೊಂಡು ಏನಾದರೂ ಮಾಡಬಹುದಿತ್ತು, ಇದು ಸಂಘದ್ದು. ಕಮಿಟಿ ಸೇರಿಸಿ, ಅವರ ಹೆಸರು ತೆಗೆದು ಇನ್ನೊಬ್ಬರದು ಹಾಕಿದ್ದೇವೆ ಅಂತ ಠರಾವು ಬರೆದು ತನ್ನಿ. ಹೊಸಬರ ಫೋಟೋ, ಆಧಾರ್ ತನ್ನಿ. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಕಷ್ಟದ್ದು ಏನೂ ಇರಲಿಲ್ಲ.

ಕಮಿಟಿ ಸೇರಿತು. ಚಹಾ ಕುಡಿಯಿತು. ಠರಾವು ಬರೆಯಲಿಲ್ಲ. ಹಿರಿಯರು ಬದುಕಿರುವಾಗ ಅವರ ಹೆಸರು ತೆಗೆಯುವುದೆಂದರೆ ಅವರ ಸಾವು ಬಯಸಿದ ಹಾಗೆ ಎಂದು ಎಲ್ಲರ ನಂಬಿಕೆ. ಫಿಸಿಯೋ ಮಾಡಿಸುತ್ತಿದ್ದಾರೆ, ಕೈ ಬರುತ್ತದೆ, ಕಾಯೋಣ ಎಂದು ಎದ್ದರು. ಬಾಗಿಲ ಹತ್ತಿರ ನಿಂತಿದ್ದ ನಾನು, ಯಜಮಾನರನ್ನೇ ಒಂದು ಮಾತು ಕೇಳಬಹುದಲ್ಲ ಎಂದೆ. ಮೇಷ್ಟ್ರು ತಿರುಗಿ ನೋಡಿದರು.

"ಯಜಮಾನ್ರು ಇನ್ನೂ ಉಸಿರಾಡ್ತಾ ಅದಾರೆ. ಅವ್ರ ಮುಂದೆ ನಿಂತು ನಿಮ್ಮ ಹೆಸ್ರು ಹೊಡೀತೀವಿ ಅನ್ನೋ ಬಾಯಿ ಯಾರಿಗೈತೆ? ನಿಂಗೈತಾ?"

ನನಗಿತ್ತು. ಡ್ರೈವರನ ಕೆಲಸ ಗಾಡಿ ಓಡಿಸುವುದು ಎಂದರು ಇನ್ನೊಬ್ಬರು.

ಮೇಷ್ಟ್ರು ಕೆಟ್ಟವರಲ್ಲ. ಸ್ವಲ್ಪ ದಿನ ತಮ್ಮ ಪಿಂಚಣಿಯಲ್ಲೇ ಡೀಸೆಲ್ ಹಾಕಿಸಿದರು. ಆಮೇಲೆ ಆಗಲಿಲ್ಲ. ವ್ಯಾನು ಅವರ ಮನೆ ಮುಂದೆ ನಿಂತಿತು. ಖಾತೆಯಲ್ಲಿ ದುಡ್ಡು ಹಾಗೇ ಇತ್ತು. ಯಜಮಾನರ ಮನೆಗೆ ಹೋದರೆ ವ್ಯಾನಿನ ಮಾತು ಬರುತ್ತದೆ ಎಂದು ಕಮಿಟಿಯವರು ಅವರನ್ನು ನೋಡಲು ಹೋಗುವುದನ್ನೇ ಬಿಟ್ಟರು.

ದೊಡ್ಡವ್ವ ಬಸ್ಸಿಗೆ ಹೋಗತೊಡಗಿದಳು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ, ಸರಿ. ಆದರೆ ಹತ್ತಬೇಕಲ್ಲ, ನಿಲ್ಲಬೇಕಲ್ಲ. ಒಂದು ದಿನ ಹರಿಹರ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಮುಖ ಊದಿತ್ತು. ಬಸ್ಸಿನ ನೂಕಾಟದಲ್ಲಿ ಯಾರೋ ಬ್ಯಾಂಡೇಜ್ ಕೈ ಒತ್ತಿ ರಕ್ತ ಬಂದಿತ್ತು, ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ವಾರಕ್ಕೊಂದ್ಸಲ ಸಾಕು ಮಾಡೀನಿ. ನಿನ್ನ ಗಾಡಿ ಯಾವಾಗಲೇ ಬರೋದು?"

"ಯಜಮಾನ್ರ ಬಲಗೈ ಬಿದ್ದೈತೆ ದೊಡ್ಡವ್ವ. ಸಹಿ ಆಗ್ತಿಲ್ಲ."

"ನಂದೂ ಒಂದು ಕೈ ಕೆಟ್ಟೈತೆ. ಹಂಗಂತ ಉಣ್ಣೋದು ಬಿಟ್ಟೀನೇನು?"

ಆಗ ನನಗೆ ನಗು ಬಂತು. ಅವಳೂ ನಕ್ಕಳು, ನಕ್ಕು ಉಸಿರಿಗೆ ಒದ್ದಾಡಿದಳು.

ಶ್ರಾವಣದ ಹೊತ್ತಿಗೆ ನನಗೆ ಮಂಡಿಪೇಟೆಯಲ್ಲಿ ಲಗೇಜ್ ಆಟೋ ಓಡಿಸುವ ಕೆಲಸ ಸಿಕ್ಕಿತು. ವ್ಯಾನಿನ ಕೀ ನನಗೆ ಕೊಟ್ಟವರು ಯಜಮಾನರು. ಅವರಿಗೇ ವಾಪಸ್ ಕೊಡೋಣವೆಂದು ಪಿ.ಜೆ. ಬಡಾವಣೆಯ ಅವರ ಮನೆಗೆ ಹೋದೆ. ಹಾಲ್‌ನಲ್ಲಿ ಕುರ್ಚಿಯಲ್ಲಿ ಕೂತಿದ್ದರು. ಕೀ ಯಾಕೆಂದು ಅವರ ಹೆಂಡತಿ ಕೇಳಿದರು. ನಾನು ಸುತ್ತಿ ಬಳಸಿ ಹೇಳುವವನಲ್ಲ. ಸಹಿ, ಠರಾವು, ಡೀಸೆಲ್, ಬಸ್ಸಿನಲ್ಲಿ ಹೋಗುವ ದೊಡ್ಡವ್ವ, ಎಲ್ಲ ಹೇಳಿದೆ. ಯಜಮಾನರು ಎಡಗೈಯಿಂದ ಕುರ್ಚಿಯ ಹಿಡಿ ಬಡಿದರು.

ಅವರ ಹೆಂಡತಿ ಆ ಕೈಯನ್ನು ಹಿಡಿದುಕೊಂಡರು. ಆಮೇಲೆ ಹೇಳಿದರು: "ಆಸ್ಪತ್ರೇಲಿ ಇದ್ದಾಗ್ಲೇ ಅಂಗ್ಡಿ ಖಾತೆ ಮಗನ ಹೆಸ್ರಿಗೆ ಮಾಡ್ಸಿ ಅಂತ ಹಟ ಹಿಡಿದ್ರಪ್ಪ ಇವ್ರು. ವ್ಯಾಪಾರ ನಿಲ್ಲಬಾರ್ದು ಅಂತ. ಸಂಘದ್ದೂ ಆವತ್ತೇ ಆಗಿರ್ತೈತೆ ಅಂದ್ಕೊಂಡಿದ್ವಿ. ಯಾರೂ ಈ ಕಡೆ ಬರ್ಲಿಲ್ಲ ನೋಡು, ಕೈ ಬಿದ್ದವ್ನ ಹತ್ರ ಏನು ಕೆಲ್ಸ ಅಂತ ಬಿಟ್ಟಾರೆ ಅಂತ ಕಣ್ಣೀರು ಹಾಕ್ತಿದ್ರು."

ಯಜಮಾನರು ಕೀಯನ್ನು ಎಡಗೈಯಿಂದ ನನ್ನ ಕಡೆ ತಳ್ಳಿದರು. "ಕ... ಕರಿ ಅವ್ರನ್ನ" ಎಂದರು.

ಅವತ್ತು ಸಂಜೆಯೇ ಕಮಿಟಿ ಅವರ ಹಾಲ್‌ನಲ್ಲಿ ಸೇರಿತು. ಮೇಷ್ಟ್ರು ಠರಾವು ಬರೆದರು, ಬರೆಯುವಾಗ ತಲೆ ಎತ್ತಲಿಲ್ಲ. ಯಜಮಾನರು ಎಡಗೈ ಹೆಬ್ಬೆಟ್ಟನ್ನು ಇಂಕಿಗೆ ಅದ್ದಿ ತಾವೇ ಒತ್ತಿದರು. ಬ್ಯಾಂಕಿನಲ್ಲಿ ಕೆಲವೇ ದಿನಕ್ಕೆ ಎಲ್ಲ ಸರಿಯಾಯಿತು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ಮೇಡಂ ಕೇಳಿದರು. ಮೇಷ್ಟ್ರು ಚೆಕ್‌ಬುಕ್ ಚೀಲಕ್ಕೆ ಹಾಕಿಕೊಂಡು ಎದ್ದರು.

ಆಟೋ ಕೆಲಸ ಬಿಟ್ಟೆ. ಡೀಸೆಲ್ ಹಾಕಿಸಿ ಮೊದಲು ದೊಡ್ಡವ್ವನ ಮನೆಗೇ ಹೋಗಿ ಹಾರ್ನ್ ಹೊಡೆದೆ. ಸೊಸೆ ಹೊರಗೆ ಬಂದಳು. ಅತ್ತು ಅತ್ತು ಕಣ್ಣು ಬತ್ತಿತ್ತು.

"ಹೋದ ವಾರ ತೀರ್ಕೊಂಡ್ರಣ್ಣ. ಮೈಯೆಲ್ಲಾ ನೀರು ತುಂಬಿ ಉಸಿರು ಕಟ್ತು. ಬಸ್ ಹತ್ತೋಕೆ ಆಗಲ್ಲ ಅಂತ ಎರಡು ವಾರ ಹೋಗಿರ್ಲಿಲ್ಲ."

ವ್ಯಾನಿನಲ್ಲಿ ಬೇರೆಯವರು ಕೂತಿದ್ದರು, ಅವರಿಗೆ ಹೊತ್ತಾಗುತ್ತಿತ್ತು. ಗಾಡಿ ತಿರುಗಿಸಿದೆ.

ಈಗ ಖಾತೆಯಲ್ಲಿ ಮೂವರ ಹೆಸರಿದೆ, ಯಾವ ಇಬ್ಬರು ಸಹಿ ಹಾಕಿದರೂ ನಡೆಯುತ್ತದೆ. ಯಜಮಾನರ ಹೆಸರು ತೆಗೆದೆವು, ಅವರಿಗೆ ಏನೂ ಆಗಲಿಲ್ಲ. ಅವರ ಬೀದಿಯಲ್ಲಿ ಹೋಗುವಾಗ ಹಾರ್ನ್ ಹೊಡೆಯುತ್ತೇನೆ, ಗೇಟಿನ ಒಳಗೆ ಕೂತವರು ಎಡಗೈ ಎತ್ತುತ್ತಾರೆ. ಪಕ್ಕದ ಸೀಟಿನಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ. ಗುಂಡಿಗೆ ಇಳಿಸಿದರೂ ಬಯ್ಯುವವರಿಲ್ಲ.