ಆ ಮೂರು ದಿನದ ಸುಳ್ಳು

ಗಿರಿಜಾ, ಮುಟ್ಟಿನ ಮೂರು ದಿನ ಬಾಸ್ಕೆಟ್‌ಬಾಲ್ ಆಡಿದರೆ ಗರ್ಭಕೋಶ ಕೆಡುತ್ತದೆ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ನಾನೇ ಕಟ್ಟಿದ ಮಾತು ಅದು — ಗೊತ್ತಿದ್ದೂ, ಬೇಕೆಂದೇ.

ಆಗ ನಾನು ಅರಸೀಕೆರೆಯಲ್ಲಿ ಪಿ.ಟಿ. ಟೀಚರು. ಹೆಂಗಸರಿಗೂ ಹುಡುಗಿಯರಿಗೂ ಸೇರಿ ಒಂದು ಕ್ಲಬ್ ಮಾಡುವ ಹುಚ್ಚು ಹತ್ತಿತ್ತು. ಜಾತಿ ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ, ಸೀರೆಯುಟ್ಟು ಬಂದರೂ ಸರಿ, ಬುರ್ಖಾ ಹಾಕಿ ಬಂದರೂ ಸರಿ — ಹೀಗೆಲ್ಲ ಊರ ತುಂಬ ಹೇಳಿಕೊಂಡು ತಿರುಗಿದೆ. ಕಿವಿ ಕೇಳದ ಹುಡುಗಿಯೊಬ್ಬಳು ಬಂದಳು, ಮೊಮ್ಮಕ್ಕಳಿದ್ದ ಹೂ ಮಾರುವ ಹೆಂಗಸೂ ಬಂದಳು. ಪಿಯುಸಿ ಓದುತ್ತಿದ್ದ ನೀನು ಕಣಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆಡಲು ಜಾಗವೊಂದೇ ಇರಲಿಲ್ಲ.

ಊರಂಚಿನ ತೋಟದವರು ತಮ್ಮ ಸಿಮೆಂಟಿನ ರಾಗಿ ಕಣ ಬಿಟ್ಟುಕೊಟ್ಟರು. ಸುಗ್ಗಿ ಮುಗಿದರೆ ಅದು ಖಾಲಿ. ಆ ಮನೆಯ ಅಜ್ಜಿ ನನ್ನೊಬ್ಬಳನ್ನೇ ಕರೆದು ಒಂದೇ ಮಾತು ಹೇಳಿದ್ದು: “ಆಡ್ಕಳ್ರಮ್ಮ, ಬ್ಯಾಡ ಅನ್ನಕಿಲ್ಲ. ಮುಟ್ಟಾದೋರು ಮಾತ್ರ ಕಣ ತುಳಿಯಂಗಿಲ್ಲ. ರಾಶಿ ಪೂಜೆ ಮಾಡೋ ಜಾಗ ಅದು.”

ಆಗುವುದಿಲ್ಲ ಎನ್ನಬೇಕಿತ್ತು. ಹೂಂ ಎಂದು ತಲೆಯಾಡಿಸಿದೆ. ನಿಮ್ಮ ಮುಂದೆ ಮೈಲಿಗೆ ಎನ್ನಲು ಬಾಯಿ ಬರಲಿಲ್ಲ — ಎಲ್ಲರೂ ಸಮ ಎಂದು ಭಾಷಣ ಮಾಡಿದವಳು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನೀವು ನಗುತ್ತೀರಿ ಎನಿಸಿತು. ಅದಕ್ಕೇ ಆರೋಗ್ಯ ಎಂದೆ. ಮೈಲಿಗೆ ಎಂದಿದ್ದರೆ ಜಗಳಕ್ಕೆ ಬರುತ್ತಿದ್ದಿರಿ, ಆರೋಗ್ಯ ಎಂದ ಕೂಡಲೇ ಒಪ್ಪಿಬಿಟ್ಟಿರಿ. ನೀನಂತೂ ನನ್ನ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹಾಸನದಲ್ಲಿ ಜಿಲ್ಲಾ ತಂಡದ ಆಯ್ಕೆ ಇದ್ದ ಬೆಳಿಗ್ಗೆ ನೆನಪಿದೆಯೆ? ನೆನಪಿರದೆ ಏನು. ನಿನ್ನಷ್ಟು ಚೆನ್ನಾಗಿ ಆಡುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದವಳು ಬ್ಯಾಗಿಲ್ಲದೆ ಬಂದಿದ್ದೆ.

“ಮಿಸ್, ಇವತ್ತು ಎರಡ್ನೇ ದಿನ. ನಾನು ಬರಂಗಿಲ್ಲ.”

ಹಾಸನದ ಮೈದಾನ ಯಾರ ಮನೆಯ ಕಣವೂ ಅಲ್ಲ. ಏನೂ ಆಗುವುದಿಲ್ಲ, ಬಸ್ಸು ಹತ್ತು — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಉಳಿದವರೆಲ್ಲ ಪಕ್ಕದಲ್ಲೇ ನಿಂತಿದ್ದರು. ಈಗ ಹೇಳಿದರೆ ಇಷ್ಟು ದಿನ ಹೇಳಿದ್ದೇನು ಎಂದು ಕೇಳುತ್ತಿದ್ದರು... ನನ್ನ ಮರ್ಯಾದೆ ನೋಡಿಕೊಂಡೆ.

“ಆಯ್ತು ಕಣೇ, ಮುಂದಿನ ವರ್ಷ ಹೋಗೋಣ.”

ಮುಂದಿನ ವರ್ಷ ನಿನ್ನ ಮದುವೆಯಾಯಿತು. ಆಮೇಲೆ ತೋಟದವರು ಕಣದ ಮೇಲೆ ಕೊಬ್ಬರಿ ಗೋಡೌನ್ ಕಟ್ಟಿದರು. ಅಲ್ಲಿಗೆ ಕ್ಲಬ್ಬೂ ಮುಗಿಯಿತು.

ಹದಿನಾರು ವರ್ಷದ ಮೇಲೆ, ಹೋದ ತಿಂಗಳು, ಹಳೇಬೀಡಿನ ಬಸ್ ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದೆ. ಜೊತೆಗೆ ಮಗಳು — ನಿನ್ನದೇ ಎತ್ತರ, ನಿನ್ನದೇ ಉದ್ದ ಬೆರಳು. ಶಾಲೆಯ ತಂಡದಲ್ಲಿದ್ದಾಳೆ ಎಂದೆ ನೀನು. ನನಗೆ ಎಷ್ಟು ಖುಷಿಯಾಯಿತೆಂದರೆ —

“ಆ ಮೂರು ದಿನ ಮಾತ್ರ ಕಳ್ಸಲ್ಲ ಮಿಸ್. ಆಡ್ಬೋದು ಅಂತಾರೆ ಇವಳ ಟೀಚರು. ನಮ್ ಮಿಸ್‌ಗೆ ಗೊತ್ತಿಲ್ದಿರೋದು ನಿಮ್ಗೆ ಗೊತ್ತಾ ಅಂದೆ.”

ನಿನ್ನ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅಲ್ಲ ಎನ್ನಲಿ ಎಂದು ಕಾಯುತ್ತಿದ್ದಳು, ಅದು ನನಗೆ ಚೆನ್ನಾಗಿ ತಿಳಿಯಿತು. ನಾನು ಅವಳ ತಲೆ ಸವರಿ, “ಅಮ್ಮ ಹೇಳ್ದಂಗೆ ಕೇಳಮ್ಮ” ಎಂದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಈ ಕಾಗದವನ್ನು ಅವಳ ಕೈಗೆ ಕೊಡು — ಕೊಡುತ್ತೀಯೋ ಇಲ್ಲವೋ. ಅಂದು ಬರೆದುಕೊಂಡ ನನ್ನ ಮಾತನ್ನು ಅಷ್ಟು ಸುಲಭಕ್ಕೆ ಬಿಡುವವಳಲ್ಲ ನೀನು.