ಎರಡನೇ ಸಲ ಕೇಳದವರು

ಅನುದಾನ ಮಂಜೂರಾದ ಮರುವಾರ ಸ್ವೀಡನ್ನಿನ ಉಮೆಯೊ ವಿಶ್ವವಿದ್ಯಾಲಯದ ನಮ್ಮ ವಿಭಾಗದವರೆಲ್ಲ ಫಿಕಾಗೆ, ಅಂದರೆ ಇಲ್ಲಿನ ಕಾಫಿ ವಿರಾಮಕ್ಕೆ ಸೇರಿ, ಕಾಫಿಯ ಜೊತೆ ನನ್ನ ಹೆಸರಲ್ಲಿ ಕೇಕ್ ಕತ್ತರಿಸಿದರು. ನಗಬೇಕಾದಲ್ಲಿ ನಕ್ಕೆ. ಒಳಗೆ ಏನೂ ಆಗುತ್ತಿರಲಿಲ್ಲ.

ಪಾರ್ಶ್ವವಾಯು ಬಡಿದು ಬಲಗೈ ಸೋತವರಿಗೆ ಇಲ್ಲಿ ಚಮಚ ಹಿಡಿಯುವುದನ್ನು ಅಭ್ಯಾಸ ಮಾಡಿಸುತ್ತಾರೆ, ಅದಾಗದಿದ್ದರೆ ಎಡಗೈ ಬಳಸಿ ಎನ್ನುತ್ತಾರೆ. ನಮ್ಮವರು ಎಡಗೈಯಲ್ಲಿ ಉಣ್ಣುವ ಬದಲು ಹಸಿದುಕೊಂಡೇ ಕೂರುತ್ತಾರೆ. ಅನ್ನ ಕಲಸಿ ತುತ್ತು ಮಾಡುವುದನ್ನೇ ಚಿಕಿತ್ಸೆಯಾಗಿಸಬಹುದೇ ಎಂಬುದು ನಮ್ಮ ಸಂಶೋಧನೆ. ಯೋಚನೆ ನನ್ನದಲ್ಲ, ಮಂಗಳೂರಿನ ಕಡೆ ಅಲ್ಪಸಂಖ್ಯಾತರು ನಡೆಸುವ ಪುಟ್ಟ ಫಿಸಿಯೋಥೆರಪಿ ಕಾಲೇಜಿನಲ್ಲಿ ನನಗೆ ಪಾಠ ಹೇಳಿದ ಮೇಡಂದು. ಪೋಲಿಯೊದಿಂದ ಸೊರಗಿದ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡೇ ಅವರು ದಿನವಿಡೀ ರೋಗಿಗಳ ಹಿಂದೆ ಓಡಾಡುತ್ತಾರೆ. ಇನ್ನೊಬ್ಬ ಥೆರಪಿಸ್ಟ್ ಸಿಗದಿದ್ದರೆ ಚಿಕಿತ್ಸಾ ಕೋಣೆ ಮುಚ್ಚುವುದೇ ಸೈ ಎಂದು ಅಲ್ಲಿನ ಆಡಳಿತದವರು ಹೇಳಿಬಿಟ್ಟಿದ್ದರು. ಆ ಥೆರಪಿಸ್ಟಿನ ಸಂಬಳವನ್ನೂ ಅನುದಾನದ ಅರ್ಜಿಯಲ್ಲಿ ಸೇರಿಸಿದ್ದೆವು.

ಅನುದಾನ ಸಮಿತಿಯ ಆನ್‌ಲೈನ್ ಸಂದರ್ಶನದಲ್ಲಿ ಕಾಲೇಜಿನ ಬಗೆಗಿನ ಪ್ರಶ್ನೆಗಳಿಗೆ ಕಾಲೇಜಿನವರೇ ಉತ್ತರಿಸಬೇಕಿತ್ತು. ಅಷ್ಟು ಹೊತ್ತು ನನ್ನ ಮೈಕ್ ಬಂದ್. ಸಮಿತಿಯ ಹಿರಿಯರು ನಯವಾಗಿಯೇ ಕೇಳಿದರು, ಈ ಥೆರಪಿಸ್ಟ್ ಹುದ್ದೆ ನಿಮಗೆ ಬೇಕೇ ಬೇಕಾ ಎಂದು. ಮೇಡಂ ಸೆರಗು ಸರಿಮಾಡಿಕೊಂಡು, ಇಲ್ಲ ಇಲ್ಲ, ನಾವು ಹೇಗೋ ಸುಧಾರಿಸಿಕೊಳ್ಳುತ್ತೇವೆ ಎಂದು ನಕ್ಕರು. ಮದುವೆ ಊಟದಲ್ಲಿ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹಾಗೆ. ಹಿರಿಯರು ಥ್ಯಾಂಕ್ಸ್ ಹೇಳಿ ಮುಂದಿನ ಪ್ರಶ್ನೆಗೆ ಹೋದರು. ಅವರನ್ನು ಬೈಯುವಂತೆಯೂ ಇಲ್ಲ. ಈ ದೇಶದಲ್ಲಿ ಬೇಡ ಅಂದರೆ ಬೇಡ. ಒತ್ತಾಯ ಮಾಡುವವರೇ ಅಸಭ್ಯರು.

ಮಂಜೂರಾದದ್ದರಲ್ಲಿ ನನ್ನ ಹುದ್ದೆ ಇತ್ತು, ಆ ಥೆರಪಿಸ್ಟ್ ಇರಲಿಲ್ಲ. ದಯವಿಟ್ಟು ಮತ್ತೆ ಪರಿಶೀಲಿಸಿ ಎಂದು ಬರೆದೆ. ಕಾಲೇಜೇ ಬೇಡವೆಂದಿದೆಯಲ್ಲ ಎಂಬ ಉತ್ತರ ಬಂದದ್ದು ಕೇಕಿನ ದಿನ ಬೆಳಿಗ್ಗೆ.

ಫಿಕಾ ಮಧ್ಯದಲ್ಲೇ ಎದ್ದು, ಕಾರಿಡಾರಿನಿಂದ ಮೇಡಂಗೆ ಫೋನ್ ಮಾಡಿ ತಿಳಿಸಿದೆ.

"ಅವರು ಇನ್ನೊಮ್ಮೆ ಕೇಳ್ತಾರೆ ಅಂತ ಎಣಿಸಿದ್ದೆ ಮಾರಾಯ್ತಿ," ಎಂದರು. ಆಮೇಲೆ, "ಕೋಣೆಗೆ ಈ ತಿಂಗಳೇ ಬೀಗ ಹಾಕ್ತಾರೆ. ಹೋಗ್ಲಿ, ನಿನ್ನದಾಯ್ತಲ್ಲ. ಊಟ ಆಯ್ತಾ?"

"ಆಯ್ತು ಮೇಡಂ," ಎಂದೆ. ಆಗಿರಲಿಲ್ಲ. ಅಳು ಬರಬಹುದೆಂದು ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಬರಲಿಲ್ಲ.

ಒಳಗೆ ಬಂದಾಗ ಸಹೋದ್ಯೋಗಿಯೊಬ್ಬಳು ಕೇಕಿನ ತಟ್ಟೆ ಚಾಚಿ, ಇನ್ನೊಂದು ತುಂಡು ಬೇಕಾ ಎಂದಳು. ಬೇಡ ಎಂದೆ. ಬೇಕಿತ್ತೋ ಬೇಡವಿತ್ತೋ ನನಗೇ ಗೊತ್ತಿರಲಿಲ್ಲ. ತಟ್ಟೆ ಆಗಲೇ ಪಕ್ಕದವರ ಬಳಿ ಹೋಗಿತ್ತು.